ಸೈಟ್ ಅಗ್ಗ ಸರಿ, ದೂರ ಯಾರ ಲೆಕ್ಕಕ್ಕೆ?

ಬೆಂಗಳೂರಿನ ಹೊರಗೆ ಸೈಟ್ ನೋಡಲು ಹೊರಟವರ ಕೈಗೆ ಮೊದಲು ಸಿಗುವುದು ಬ್ರೋಷರ್. ಅದರಲ್ಲಿ ಕಿಲೋಮೀಟರ್ ಅನ್ನುವ ಮಾತೇ ಇರುವುದಿಲ್ಲ. ಎಲ್ಲಾ ನಿಮಿಷದ ಲೆಕ್ಕ. ಮೆಟ್ರೋ 5 ನಿಮಿಷ, ನೈಸ್ ರೋಡ್ 10 ನಿಮಿಷ, ಇಂಟರ್‌ನ್ಯಾಷನಲ್ ಸ್ಕೂಲು 8 ನಿಮಿಷ. ಇಂಥವು ನಮ್ಮ ಮನೆಯ ಟಿವಿ ಸ್ಟ್ಯಾಂಡಿನ ಕೆಳಗೆ ಒಂದು ಕಂತೆಯಷ್ಟು ಸೇರಿವೆ. ಅವನ್ನು ಓದಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ ಬರುತ್ತಿತ್ತು. ಈ ನಿಮಿಷಗಳು ಯಾರವು? ಭಾನುವಾರ ಬೆಳಗ್ಗೆ ಆರೂವರೆಗೆ ಖಾಲಿ ರೋಡಿನಲ್ಲಿ ಕಾರು ಓಡಿಸುವವರವಾ? ಅಥವಾ ಸಂಜೆ ಏಳಕ್ಕೆ ತರಕಾರಿ ಚೀಲ ಹಿಡಿದುಕೊಂಡು, ಫೀಡರ್ ಬಸ್ಸು ಬರದೆ, ಆಟೋದವನ ಜೊತೆ ಜಗಳ ಆಡಿ ಮನೆ ಸೇರುವವರವಾ?

ನಮ್ಮ ಮನೆಯ ಸ್ಥಿತಿ ಹೇಳಿಬಿಡುತ್ತೇನೆ. ವಿಜಯನಗರದಲ್ಲಿ ಬಾಡಿಗೆಗಿದ್ದೇವೆ. ನಮ್ಮನೆಯವರಿಗೆ ಬೊಮ್ಮಸಂದ್ರದಲ್ಲಿ ಫ್ಯಾಕ್ಟರಿ ಕೆಲಸ. ನನ್ನ ಆಫೀಸು ರಾಜಾಜಿನಗರ. ಅತ್ತೆ ತಿಪಟೂರಿನಲ್ಲಿ ಒಬ್ಬರೇ ಇದ್ದಾರೆ, ಮಂಡಿ ನೋವು ಜಾಸ್ತಿಯಾಗಿದೆ, ಇನ್ನು ನಮ್ಮ ಜೊತೆಗೇ ಬಂದಿರಲಿ ಅಂತ ತೀರ್ಮಾನ. ಮಗಳು ಪಿಯುಸಿಗೆ ಬಂದಿದ್ದಾಳೆ. ಊರಿನಲ್ಲಿ ಒಂದು ತೆಂಗಿನ ತೋಟದ ಪಾಲು ಮಾರಿದ ದುಡ್ಡಿದೆ, ಉಳಿದದ್ದು ಬ್ಯಾಂಕ್ ಸಾಲ. ಈ ದುಡ್ಡಿಗೆ ಊರೊಳಗೆ ಸೈಟ್ ಸಿಗುವ ಮಾತೇ ಇಲ್ಲ. ಹಾಗಾಗಿ ಹೊರಗೆ. ಹೊರಗೆ ಅಂದರೆ ಯಾವ ಕಡೆ ಅನ್ನುವುದೇ ಪ್ರಶ್ನೆ.

ಅಪಾರ್ಟ್‌ಮೆಂಟ್ ಯಾಕೆ ಬೇಡ ಅಂತ ಕೇಳಬೇಡಿ. ಆ ವಾದ ನಮ್ಮ ಮನೆಯಲ್ಲಿ ಮುಗಿದಿದೆ. ನೆಲದ ಮೇಲೆ ಮನೆ ಬೇಕು ಅಂತ ಅತ್ತೆ ಹೇಳಿದರು, ನಾವೂ ಒಳಗೊಳಗೆ ಅದನ್ನೇ ಬಯಸುತ್ತಿದ್ದೆವು.

ಊರಿನ ಬಸ್ಸು ಬರುವ ದಿಕ್ಕು

ಬೆಂಗಳೂರಿಗೆ ಬಂದವರು ಎಲ್ಲೆಲ್ಲಿ ಮನೆ ಕಟ್ಟಿದ್ದಾರೆ ನೋಡಿ. ತುಮಕೂರು ಕಡೆಯವರು ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್, ನೆಲಮಂಗಲ. ಮಂಡ್ಯ, ಚನ್ನಪಟ್ಟಣದವರು ಕೆಂಗೇರಿ, ಕುಂಬಳಗೋಡು. ಕೋಲಾರ, ಮುಳಬಾಗಿಲಿನವರು ಕೆ.ಆರ್. ಪುರ ದಾಟಿ ಹೊಸಕೋಟೆ ತನಕ. ದೊಡ್ಡಬಳ್ಳಾಪುರ, ಗೌರಿಬಿದನೂರಿನವರು ಯಲಹಂಕ. ಎಲ್ಲರೂ ಹೀಗೇ ಅಂತಲ್ಲ, ಆದರೆ ನಿಮ್ಮ ನೆಂಟರ ಮನೆಗಳನ್ನೇ ಒಮ್ಮೆ ಲೆಕ್ಕ ಹಾಕಿ ನೋಡಿ. ಊರಿನ ಬಸ್ಸು ಯಾವ ಕಡೆಯಿಂದ ಸಿಟಿಗೆ ಬರುತ್ತದೋ ಆ ರೋಡಿನ ಪಕ್ಕದಲ್ಲೇ ಜನ ಮನೆ ಮಾಡುತ್ತಾರೆ. ಕಾರಣ ಸರಳ. ಅಕ್ಕಿ ಮೂಟೆ, ತೆಂಗಿನಕಾಯಿ ಚೀಲ ಊರಿನಿಂದ ಬರಬೇಕು. ಸಾವು, ಮದುವೆ, ಗ್ರಾಮದೇವತೆ ಹಬ್ಬಕ್ಕೆ ಹೋಗಬೇಕು. ಶನಿವಾರ ಸಂಜೆ ಗೊರಗುಂಟೆಪಾಳ್ಯದಲ್ಲಿ ನಿಂತು ನೋಡಿ. ಮೆಜೆಸ್ಟಿಕ್‌ಗೆ ಹೋಗದೆ ಅಲ್ಲೇ ಬಸ್ಸು ಹತ್ತಲು ಮಕ್ಕಳುಮರಿ ಕಟ್ಟಿಕೊಂಡು ಎಷ್ಟು ಜನ ನಿಂತಿರುತ್ತಾರೆ! ಅವರಿಗೆಲ್ಲ ಸೈಟ್ ಕೊಳ್ಳುವಾಗ ಸ್ಕ್ವೇರ್ ಫೀಟ್ ರೇಟಿನ ಜೊತೆಗೆ ಈ ಬಸ್ಸೂ ತಲೆಯಲ್ಲಿ ಇದ್ದೇ ಇತ್ತು.

ನಮ್ಮ ಮನಸ್ಸೂ ಮೊದಲು ಓಡಿದ್ದು ತುಮಕೂರು ರೋಡಿನ ಕಡೆಗೇ. ಅಲ್ಲಿ ನನ್ನ ಅಣ್ಣನ ಮನೆಯಿದೆ. ನಾಗಸಂದ್ರದಲ್ಲಿ ನಿಲ್ಲುತ್ತಿದ್ದ ಹಸಿರು ಮೆಟ್ರೋ 2024ರ ನವೆಂಬರ್‌ನಲ್ಲಿ ಮಾದಾವರದ ತನಕ ಬಂತು. ಅದಾದ ಮೇಲೆ ಮಾಕಳಿ, ನೆಲಮಂಗಲದ ಬ್ರೋಷರ್‌ಗಳಲ್ಲಿ ನಿಮಿಷಗಳು ಇನ್ನೂ ಕಡಿಮೆಯಾದವು. ನನಗೂ ಅದು ಅನುಕೂಲವೇ, ಮಾದಾವರದಲ್ಲಿ ಹತ್ತಿದರೆ ನೇರ ರಾಜಾಜಿನಗರ. ಆದರೆ ನಮ್ಮನೆಯವರು? ಮಾದಾವರದಿಂದ ಆರ್.ವಿ. ರೋಡ್, ಅಲ್ಲಿ ಇಳಿದು ಹಳದಿ ಮಾರ್ಗ ಹಿಡಿದು ಬೊಮ್ಮಸಂದ್ರ. ಅಂದರೆ ಊರಿನ ಈ ತುದಿಯಿಂದ ಆ ತುದಿ. ನಮ್ಮನೆಯವರು ಮೊಬೈಲ್ ಕೆಳಗಿಟ್ಟು, "ನಿಮ್ಮೂರಿಗೆ ಹತ್ತಿರ, ನನ್ನ ಫ್ಯಾಕ್ಟರಿಗೆ ಪರದೇಶ" ಅಂದರು. ತಿಪಟೂರು ಅವರದೇ ಊರು. ನನ್ನದು ಪಕ್ಕದ ಚಿಕ್ಕನಾಯಕನಹಳ್ಳಿ. ಸಿಟ್ಟು ಬಂದಾಗ ಮಾತ್ರ ಎರಡೂ ಸೇರಿ ನನ್ನ ಊರಾಗುತ್ತವೆ.

ಅತ್ತಿಗೆಯ ಫೋನು

ಅಣ್ಣನ ಮನೆ ಚಿಕ್ಕಬಾಣಾವರದ ಆಚೆ, ಒಂದು ಲೇಔಟಿನಲ್ಲಿ. ಚೆಂದದ ಮನೆ. ಮುಂದೆ ಎರಡು ಕ್ರೋಟನ್, ಹಿಂದೆ ಒಂದು ನುಗ್ಗೆ ಮರ. ಕಟ್ಟಿದಾಗ ಬೋರ್‌ವೆಲ್ ಭರ್ತಿ ನೀರು ಕೊಡುತ್ತಿತ್ತು. ಅಣ್ಣ ಯಾರೇ ಬಂದರೂ ಮೋಟಾರ್ ಹಾಕಿ ನೀರು ತೋರಿಸುತ್ತಿದ್ದ.

2024ರ ಮಾರ್ಚ್ ನೆನಪಿದೆ ಅಲ್ವಾ? ಬೋರ್‌ವೆಲ್‌ಗಳೆಲ್ಲ ಕೈ ಕೊಟ್ಟ ಬೇಸಿಗೆ. ಟ್ಯಾಂಕರ್‌ನವರು ಹೇಳಿದ್ದೇ ರೇಟು ಅಂತಾದಾಗ ಜಿಲ್ಲಾಡಳಿತ ದರ ನಿಗದಿ ಮಾಡಿತು, 12,000 ಲೀಟರ್ ಟ್ಯಾಂಕರ್‌ಗೆ 5 ಕಿಲೋಮೀಟರ್ ಒಳಗಾದರೆ 1,000 ರೂಪಾಯಿ. ಆ ರೇಟಿಗೆ ಫೋನ್ ಮಾಡಿದರೆ ಅಣ್ಣನ ಬೀದಿಗೆ ಟ್ಯಾಂಕರ್ ಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಆ ದಿನಗಳಲ್ಲಿ ಒಂದು ಭಾನುವಾರ ನಾವು ಅಲ್ಲಿಗೆ ಊಟಕ್ಕೆ ಹೋಗಿದ್ದೆವು. ಅತ್ತಿಗೆ ಬಡಿಸುತ್ತಿದ್ದರು. ಫೋನನ್ನು ಅಡುಗೆಮನೆ ಕಟ್ಟೆಯ ಮೇಲೆ, ಉಪ್ಪಿನ ಡಬ್ಬಿಗೆ ಒರಗಿಸಿ, ಕಣ್ಣಿಗೆ ಕಾಣುವ ಹಾಗೆ ಇಟ್ಟಿದ್ದರು. ಸಾರಿನ ಪಾತ್ರೆ ಹಿಡಿದು ಬಂದವರು ಅಣ್ಣನ ಎಲೆ ಹತ್ತಿರ ನಿಂತಿದ್ದರು, ಫೋನ್ ಹೊಡೆದುಕೊಂಡಿತು. ಪಾತ್ರೆ ನನ್ನ ಕೈಗೆ ಕೊಟ್ಟು ಓಡಿದರು. "ಅಕ್ಕಾ, ಲೋಡ್ ಬಂದಿದೆ, ಗೇಟ್ ತೆಗೀರಿ, ಇನ್ನೂ ಮೂರು ಮನೆಗೆ ಹೋಗ್ಬೇಕು." ಟ್ಯಾಂಕರ್‌ನ ಹುಡುಗ ಪೈಪ್ ಎಸೆದ. ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಂಪಿನ ಮುಚ್ಚಳ ಎತ್ತಿದರು. ಎಲ್ಲಾ ಬಿಟ್ಟನೋ ಅರ್ಧಕ್ಕೆ ವಾಲ್ವ್ ತಿರುಗಿಸಿದನೋ ಅಂತ ಬಗ್ಗಿ ನೋಡುತ್ತಾ ಅಲ್ಲೇ ನಿಂತರು. ವಾಪಸ್ ಬಂದಾಗ ನಮ್ಮ ಊಟ ಮಜ್ಜಿಗೆಗೆ ಬಂದಿತ್ತು.

ಆಮೇಲೆ ಕೈ ಒರೆಸಿಕೊಳ್ಳುತ್ತಾ ಹೇಳಿದರು. ತಂಗಿಯ ಮಗುವಿನ ನಾಮಕರಣಕ್ಕೆ ಹೋಗಲಿಲ್ಲವಂತೆ. ಆವತ್ತು ಲೋಡ್ ಬರುವ ದಿನ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಮುಂದಿನ ಸರದಿ ನಾಲ್ಕು ದಿನದ ಮೇಲೆ. ಮಧ್ಯಾಹ್ನ ಮಲಗುವ ಹಾಗಿಲ್ಲ, ಮಾರ್ಕೆಟ್ಟಿಗೆ ಹೋದರೂ ಬೇಗ ಬರಬೇಕು.

ಅಣ್ಣ ಅಷ್ಟು ಹೊತ್ತೂ ನಮ್ಮನೆಯವರಿಗೆ ತನ್ನ ಕಷ್ಟ ಹೇಳುತ್ತಿದ್ದ. ಬೆಳಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ, ಎಂಟನೇ ಮೈಲಿಯಲ್ಲಿ ಜಾಮು, ಲಾಂಗ್ ವೀಕೆಂಡ್ ಬಂದರೆ ದೇವರೇ ಗತಿ. ನಿಜವೇ, ಸುಳ್ಳಲ್ಲ. ಆದರೆ ಅವನ ಮೂರು ಗಂಟೆಗೆ ಲೆಕ್ಕವಿದೆ, ಹೇಳಿಕೊಳ್ಳಲು ಜನ ಇದ್ದಾರೆ, ಆಫೀಸಿನಲ್ಲಿ ಪೆಟ್ರೋಲ್ ಅಲೋಯನ್ಸ್ ಕೂಡ ಇದೆ. ಅತ್ತಿಗೆಯ ಇಡೀ ದಿನ ಆ ಸಂಪಿಗೆ ಕಟ್ಟಿಬಿದ್ದಿದೆ. ಅದನ್ನು ಯಾರೂ ದೂರ ಅಂತ ಕರೆಯಲ್ಲ. ಸೈಟ್ ಕೊಳ್ಳುವಾಗ ಉಳಿದ ಲಕ್ಷಗಳನ್ನು ಅವರು ಈಗ ಕಂತಿನ ಹಾಗೆ ತೀರಿಸುತ್ತಿದ್ದಾರೆ ಅಂತ ನನಗೆ ಅನ್ನಿಸಿತು. ಹೊರಗಿನ ಸೈಟ್ ಅಗ್ಗ ಆಗುವುದೇ ಹೀಗೆ. ಉಳಿದ ದುಡ್ಡು ಎಲ್ಲಿಂದಲೋ ಬರಲೇಬೇಕು. ಮನೆಯಲ್ಲಿ ಯಾರು ಬಾಯಿ ತೆಗೆಯಲ್ಲವೋ ಅವರ ಹೊತ್ತಿನಿಂದ ಬರುತ್ತದೆ.

ವಾಪಸ್ ಬರುವಾಗ ನಮ್ಮನೆಯವರಿಗೆ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಸೈಟ್ ನೋಡೋಕೆ ಹೋದಾಗ ಮೊದಲು ಸಂಪು ನೋಡ್ಬೇಕು ಅನ್ನು" ಅಂದರು. ತಮಾಷೆಗೆ ಹೇಳಿದ್ದು. ನಾನು ಆಮೇಲಿಂದ ಅದನ್ನೇ ಮಾಡಿದೆ. ಹೊಸ ಲೇಔಟಿನಲ್ಲಿ ಮೊದಲು ಕಟ್ಟಿರುವ ಒಂದೆರಡು ಮನೆ ಇರುತ್ತವಲ್ಲ, ಅವುಗಳ ಗೇಟಿನ ಹತ್ತಿರ ನೋಡಿ. ಎರಡು ಸಂಪಿನ ಮುಚ್ಚಳ ಇದ್ದರೆ, ಪಕ್ಕದ ಕಾಂಪೌಂಡಿನ ಮೇಲೆ ಟ್ಯಾಂಕರ್ ಪೈಪು ಉಜ್ಜಿ ಬಣ್ಣ ಹೋಗಿದ್ದರೆ, ಏಜೆಂಟ್ ನೀರಿನ ಬಗ್ಗೆ ಏನು ಹೇಳಿದರೂ ಕೇಳುವ ಅಗತ್ಯ ಇಲ್ಲ. ಇನ್ನೊಂದು, ಊರೊಳಗಿನ ಶುದ್ಧ ನೀರಿನ ಘಟಕ. ಕಾಯಿನ್ ಹಾಕಿದರೆ 20 ಲೀಟರ್ ಬರುತ್ತದಲ್ಲ, ಅದು. ಅಲ್ಲಿ ಸಂಜೆ ಸ್ಕೂಟರ್‌ಗಳ ಕ್ಯೂ ಎಷ್ಟು ಉದ್ದ ಇದೆ ಅನ್ನುವುದರಲ್ಲಿ ಆ ಊರಿನ ಅಂತರ್ಜಲದ ರಿಪೋರ್ಟೇ ಸಿಗುತ್ತದೆ.

ಚಂದಾಪುರದ ಭಾನುವಾರ

ಮುಂದಿನ ಸರದಿ ಅವರ ಫ್ಯಾಕ್ಟರಿಯ ದಿಕ್ಕಿನದು. ಚಂದಾಪುರ, ಆನೇಕಲ್, ಅತ್ತಿಬೆಲೆ. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಆರ್.ವಿ. ರೋಡ್‌ನಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರ್, 16 ನಿಲ್ದಾಣ. ಆರಂಭದಲ್ಲಿ ಬೋಗಿಗಳು ಸಾಲದೆ 25 ನಿಮಿಷಕ್ಕೊಂದು ರೈಲು ಬಿಡುತ್ತಿದ್ದರು. ಆದರೂ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅರ್ಧ ಆಯಸ್ಸು ಕಳೆದವರಿಗೆ ಅದು ಸ್ವರ್ಗ. ನಮ್ಮನೆಯವರ ಮುಖ ನೋಡಬೇಕಿತ್ತು. ಅಲ್ಲಿ ಮನೆ ಮಾಡಿದರೆ ಅವರು ಫ್ಯಾಕ್ಟರಿಗೆ ಬೈಕಿನಲ್ಲಿ ಹೋಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದು. ನಾನು ಬೊಮ್ಮಸಂದ್ರದಿಂದ ಆರ್.ವಿ. ರೋಡ್, ಅಲ್ಲಿಂದ ರಾಜಾಜಿನಗರ. ಮಾದಾವರದ ಲೆಕ್ಕವೇ ತಿರುಗಿ ನಿಂತಿತು, ಅಷ್ಟೇ. ಈ ಸಲ ದೂರ ನನ್ನ ಪಾಲಿಗೆ.

ಏಜೆಂಟ್ ಕಾರು ಕಳಿಸಿದ್ದ. ಒಳಗೆ ತಣ್ಣನೆ ನೀರಿನ ಬಾಟಲಿ, ಬಿಸ್ಕತ್ತು. ಆನೇಕಲ್ ರೋಡಿನಿಂದ ಒಳಗೆ ತಿರುಗಿ, ಮತ್ತೆ ತಿರುಗಿ, ಒಂದು ದೊಡ್ಡ ಕಮಾನಿನ ಕೆಳಗೆ ನಿಲ್ಲಿಸಿದರು. ಕಮಾನಿನ ಎರಡೂ ಕಡೆ ಸಿಮೆಂಟಿನ ಆನೆ. ಒಳಗೆ ಅಗಲವಾದ ಕಾಂಕ್ರೀಟ್ ರೋಡು, ಬೀದಿದೀಪ, ಬಣ್ಣಬಣ್ಣದ ಬಾವುಟ. ಸುತ್ತಲೂ ಕೊಯ್ಲಾದ ರಾಗಿ ಹೊಲ. ಎಲ್ಲಾ ಇತ್ತು, ಜನ ಮಾತ್ರ ಇರಲಿಲ್ಲ. ಅಷ್ಟು ಸೈಟುಗಳಲ್ಲಿ ಮನೆ ಎದ್ದಿದ್ದು ಮೂರೋ ನಾಲ್ಕೋ. ಉಳಿದದ್ದೆಲ್ಲ ಇನ್ವೆಸ್ಟ್‌ಮೆಂಟಂತೆ. ಪಾರ್ಥೇನಿಯಂ ಮಾತ್ರ ಧಾರಾಳವಾಗಿ ಬೆಳೆದಿತ್ತು. ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆವು. ಅವರು ಆನೆ ನೋಡಲಿಲ್ಲ, ಬೀದಿದೀಪವನ್ನೂ ನೋಡಲಿಲ್ಲ. "ಹಗಲೊತ್ತು ನಾನು ಇಲ್ಲಿ ಯಾರ ಹತ್ರ ಮಾತಾಡ್ಲಮ್ಮ?" ಅಂತ ಕೇಳಿದರು. ಏಜೆಂಟ್ ನಕ್ಕು, "ಕ್ಲಬ್ ಹೌಸ್ ಬರುತ್ತೆ ಅಮ್ಮಾ" ಅಂದ.

ನಾನು ಮೋರಿ ಹಿಡಿದುಕೊಂಡು ಹೋದೆ. ಲೇಔಟಿನ ಮೋರಿ ಚೆನ್ನಾಗಿ ಕಟ್ಟಿದ್ದರು, ಮೇಲೆ ಚಪ್ಪಡಿ ಕೂಡ ಹಾಕಿದ್ದರು. ಕೊನೆಯ ಕಾಂಪೌಂಡ್ ಗೋಡೆಯಲ್ಲಿ ಒಂದು ತೂತು, ಅಲ್ಲಿಗೆ ಮೋರಿ ಮುಗಿಯಿತು. ಆಚೆ ತಗ್ಗು, ಜೊಂಡು. ದಿಶಾಂಕ್ ಆ್ಯಪ್ ತೆಗೆದೆ. ಕಂದಾಯ ಇಲಾಖೆಯ ಹಳೇ ಗ್ರಾಮ ನಕ್ಷೆ ಅದರಲ್ಲಿ ಕಾಣುತ್ತದೆ, ನಾವು ನಿಂತಿರುವ ಜಾಗದ ಸರ್ವೆ ನಂಬರ್ ಸಮೇತ. ಏಜೆಂಟ್ ನಮಗೆ ಅಂತ ಎತ್ತಿಟ್ಟಿದ್ದ ಕಾರ್ನರ್ ಸೈಟಿನ ಮೂಲೆಗೆ ತಾಗಿಕೊಂಡೇ ಒಂದು ಹಳ್ಳ ಹೋಗಿತ್ತು. ಫೋನ್ ಅವನ ಮುಂದೆ ಹಿಡಿದೆ. ಅವನು ಬೆರಳಿನಿಂದ ನಕ್ಷೆ ದೊಡ್ಡದು ಮಾಡಿ ನೋಡಿದ. ಚಿಕ್ಕದು ಮಾಡಿದ. "ಅದು ಹಳೇ ಮ್ಯಾಪ್ ಮೇಡಂ. ಈಗ ಅಲ್ಲಿ ನೀರೇ ಹರಿಯಲ್ಲ."

ಇದನ್ನೇ ಅಲ್ವಾ ಸರ್ಜಾಪುರ ರೋಡಿನ ಕಡೆಯವರಿಗೂ ಒಂದು ಕಾಲದಲ್ಲಿ ಹೇಳಿರುವುದು? 2022ರ ಸೆಪ್ಟೆಂಬರ್‌ನಲ್ಲಿ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರ್‌ನಲ್ಲಿ, ದೋಣಿಯಲ್ಲಿ ಹೊರಗೆ ತಂದರು. ಬೆಂಗಳೂರಿನ ನೆಲವೇ ಹಾಗೆ. ದೊಡ್ಡ ನದಿ ಇಲ್ಲದ ಎತ್ತರದ ಜಾಗ. ಒಂದು ಕೆರೆ ತುಂಬಿ ಕೋಡಿ ಹರಿದು ಇನ್ನೊಂದು ಕೆರೆಗೆ ಹೋಗುವ ಹಾಗೆ ಹಿಂದಿನವರು ಜೋಡಿಸಿಟ್ಟಿದ್ದಾರೆ. ಆ ಜೋಡಣೆಯ ಮಧ್ಯೆ ನಾವು ಸೈಟ್ ಹಾಕಿದರೆ ನೀರು ದಾರಿ ಕೇಳಿಯೇ ಕೇಳುತ್ತದೆ. ಕೆರೆಯಿಂದ 75 ಮೀಟರ್ ಬಿಡಿ ಅಂತ 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕಾಗದದ ಮೇಲೆ ಆ ಕಾರ್ನರ್ ಸೈಟ್ ಸರಿಯಿದ್ದರೂ ಇರಬಹುದು. ನನಗೆ ಆ ಜೊಂಡಿನ ಮೇಲೆ ಜಾಸ್ತಿ ನಂಬಿಕೆ.

ಕಾಗದ ಪತ್ರದ ವಿಷಯ ಬಂದಿದ್ದಕ್ಕೆ ಎರಡು ಮಾತು. ಪಂಚಾಯ್ತಿ ಇ-ಸ್ವತ್ತು, 11ಬಿ, ಕನ್ವರ್ಷನ್, ಮದರ್ ಡೀಡ್, ವಂಶವೃಕ್ಷ, ಇವೆಲ್ಲ ಸೈಟ್ ನೋಡುತ್ತಿರುವ ಎಲ್ಲರಿಗೂ ಬಾಯಿಪಾಠ ಆಗಿರುತ್ತವೆ. ಅಕ್ರಮ ಸಕ್ರಮ ಆಗುತ್ತೆ ಬಿಡಿ ಅಂತ ಧೈರ್ಯ ಹೇಳುವವರೂ ಸಿಗುತ್ತಾರೆ. ಆ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ದು ಅವರಿಗೂ ಗೊತ್ತು. ನಾನು ವಕೀಲರ ಹತ್ತಿರ ಜಾಸ್ತಿ ಕೇಳಿದ್ದು ಪಿಟಿಸಿಎಲ್ ಬಗ್ಗೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟ ಊರ್ಜಿತ ಆಗಲ್ಲ ಅನ್ನುವ 1978ರ ಕಾಯ್ದೆ. ಎಷ್ಟು ವರ್ಷ ಕಳೆದಿದ್ದರೂ ಕೇಸು ಹಾಕಬಹುದು ಅಂತ 2023ರಲ್ಲಿ ತಿದ್ದುಪಡಿ ಆಯಿತು. ನಗರದ ಅಂಚಿನ ಏಜೆಂಟರು ಇದನ್ನು ಏನೋ ಪೀಡೆಯ ಹಾಗೆ ಹೇಳುತ್ತಾರೆ. ನನಗೆ ಹಾಗೆ ಅನ್ನಿಸಲಿಲ್ಲ. ಯಾರದೋ ಮನೆಯವರಿಗೆ ಸಿಕ್ಕಿದ್ದ ಎರಡು ಎಕರೆಯನ್ನು ನಾಲ್ಕು ಕಾಸು ಕೊಟ್ಟು ಬರೆಸಿಕೊಂಡು, ಅದರ ಮೇಲೆ ಸಿಮೆಂಟಿನ ಆನೆ ನಿಲ್ಲಿಸಿದರೆ, ಆ ಅಗ್ಗ ಯಾರ ಲೆಕ್ಕಕ್ಕೆ ಬಂದಿದ್ದು ಅಂತ ಕೇಳಬೇಕಾದದ್ದೇ.

ಪೈಪು ಇಲ್ಲೇ ಹೋಗುತ್ತದೆ

ಮೂರನೆಯ ದಿಕ್ಕು ನಮ್ಮಿಬ್ಬರ ತಲೆಯಲ್ಲೂ ಇರಲೇ ಇಲ್ಲ. ಹೇಳಿದ್ದು ಮಗಳು. ಮೆಟ್ರೋ ನಕ್ಷೆ ಹಿಡಿದು, ಆರ್.ವಿ. ರೋಡ್ ಮೇಲೆ ಬೆರಳಿಟ್ಟು, "ಇದರಿಂದ ಕೆಳಗೆ ಇರೋ ಹಸಿರು ಲೈನ್ ಯಾಕೆ ಬೇಡ?" ಅಂದಳು. ಕನಕಪುರ ರೋಡು. ತಲಘಟ್ಟಪುರ ದಾಟಿ ರೇಷ್ಮೆ ಸಂಸ್ಥೆಯ ತನಕ ಮೆಟ್ರೋ 2021ರ ಜನವರಿಯಿಂದಲೇ ಓಡುತ್ತಿದೆ. ಅಲ್ಲಿ ಹತ್ತಿದರೆ ನಮ್ಮನೆಯವರು ಆರ್.ವಿ. ರೋಡ್‌ನಲ್ಲಿ ಇಳಿದು ಹಳದಿ ಮಾರ್ಗ ಹಿಡಿಯಬೇಕು. ನಾನು ಅದೇ ರೈಲಿನಲ್ಲಿ ಮುಂದೆ ರಾಜಾಜಿನಗರ. ಇಬ್ಬರಿಗೂ ಹೆಚ್ಚು ಕಡಿಮೆ ಒಂದೇ ಹೊತ್ತು. ಅತ್ತೆ ತಿಪಟೂರಿನಿಂದ ರೈಲಿನಲ್ಲಿ ಬಂದರೆ ಯಶವಂತಪುರದಲ್ಲಿ ಇಳಿದು, ಅಲ್ಲೇ ಹಸಿರು ಮೆಟ್ರೋ ಹತ್ತಿ, ಕೊನೆಗೆ ಬಂದು ಇಳಿಯಬಹುದು. ಯಾರ ಊರಿನ ದಿಕ್ಕೂ ಅಲ್ಲ, ಯಾರ ಆಫೀಸಿನ ಪಕ್ಕವೂ ಅಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿ ಗರಿಷ್ಠ 90 ರೂಪಾಯಿ ಆಯಿತು. ಇಬ್ಬರ ಓಡಾಟಕ್ಕೆ ತಿಂಗಳಿಗೆ ಒಳ್ಳೆ ಮೊತ್ತವೇ ಬೀಳುತ್ತದೆ. ಅದನ್ನೂ ಬರೆದಿಟ್ಟುಕೊಂಡೆವು.

ಇಲ್ಲೂ ಏಜೆಂಟರು ಕರೆದುಕೊಂಡು ಹೋಗುವುದು ಮೆಟ್ರೋ ಮುಗಿದ ಮೇಲೆ. ಕಗ್ಗಲೀಪುರ, ಅದರಾಚೆ ಹಾರೋಹಳ್ಳಿ. ನಾನು ಒಂದು ಹಠ ಹಿಡಿದೆ. ಸೈಟ್ ನೋಡುವುದಾದರೆ ವಾರದ ದಿನ, ಆಫೀಸು ಮುಗಿಸಿ, ಬಸ್ಸಿನಲ್ಲಿ. ಏಜೆಂಟ್‌ಗೆ ಅರ್ಥವೇ ಆಗಲಿಲ್ಲ. "ಕಾರ್ ಕಳಿಸ್ತೀನಿ ಮೇಡಂ" ಅಂತ ಒಂದೇ ಸಮ ಹೇಳುತ್ತಿದ್ದ. ರೇಷ್ಮೆ ಸಂಸ್ಥೆಯಲ್ಲಿ ಇಳಿದು ನಿಂತೆವು. ಬಂದ ಬಸ್ಸೆಲ್ಲ ತುಂಬಿ ಬಾಗಿಲಿಗೆ ಜನ ನೇತಾಡುತ್ತಿದ್ದರು. ಕತ್ತಲಾದ ಮೇಲೆ ಕಗ್ಗಲೀಪುರದಲ್ಲಿ ಇಳಿದು ಒಳರಸ್ತೆಯಲ್ಲಿ ನಡೆದೆವು. ಬನ್ನೇರುಘಟ್ಟದ ಕಾಡು ಅಲ್ಲಿಂದ ದೂರವಿಲ್ಲ. ಆನೆ ಬಂದು ರಾಗಿ ತಿಂದು ಹೋಗುವುದು ಆ ಕಡೆಯ ರೈತರಿಗೆ ಹೊಸದಲ್ಲ. ಮಗಳು ಟ್ಯೂಷನ್ ಮುಗಿಸಿ ಒಬ್ಬಳೇ ಈ ದಾರಿಯಲ್ಲಿ ನಡೆದು ಬರಬೇಕು ಅಂತ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಸೈಟ್ ತನಕ ಹೋಗದೆ ವಾಪಸ್ ತಿರುಗಿದೆವು. ಬ್ರೋಷರ್‌ನಲ್ಲಿ ಅದು ಮೆಟ್ರೋದಿಂದ 10 ನಿಮಿಷ.

ಆ ರೋಡಿನಲ್ಲಿ ನನಗೆ ಹೊಟ್ಟೆ ಉರಿಸಿದ್ದು ಇನ್ನೊಂದಿದೆ. ಬೆಂಗಳೂರಿಗೆ ಕಾವೇರಿ ಬರುವುದೇ ಈ ಕಡೆಯಿಂದ. ತೊರೆಕಾಡನಹಳ್ಳಿಯಲ್ಲಿ ಎತ್ತಿ, ಹಾರೋಹಳ್ಳಿಯಲ್ಲಿ ಮತ್ತೆ ಎತ್ತಿ, ತಾತಗುಣಿಯಲ್ಲಿ ಇನ್ನೊಮ್ಮೆ ಎತ್ತಿ, ಸುಮಾರು 100 ಕಿಲೋಮೀಟರ್ ದೂರದಿಂದ ತಳ್ಳುತ್ತಾರೆ. 1974ರಲ್ಲಿ ಮೊದಲ ಹಂತ ಬಂತು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಗಿ ದಿನಕ್ಕೆ 77.5 ಕೋಟಿ ಲೀಟರ್ ಜಾಸ್ತಿಯಾಯಿತು. 2007ರಲ್ಲಿ ಪಾಲಿಕೆಗೆ ಸೇರಿಸಿದ 110 ಹಳ್ಳಿಗಳಿಗೆ ಅಂತಲೇ ಮಾಡಿದ ಯೋಜನೆ ಅದು. ಪಾಲಿಕೆಗೆ ಸೇರಿ 17 ವರ್ಷದ ಮೇಲೆ ನೀರು! ಆ ಗಡಿಯ ಆಚೆ, ಪಂಚಾಯ್ತಿ ವ್ಯಾಪ್ತಿಯ ಲೇಔಟುಗಳಿಗೆ ಬೋರ್‌ವೆಲ್ಲೇ ಗತಿ. ಆಳೆತ್ತರದ ಪೈಪು ಅವರ ಊರಿನ ಪಕ್ಕದಲ್ಲೇ ಹೋಗುತ್ತದೆ. ನೀರು ಜಯನಗರಕ್ಕೆ ಹೋಗುತ್ತದೆ. ಏಜೆಂಟ್ ಆ ಪೈಪನ್ನೂ ಸೇಲ್ಸಿಗೆ ಬಳಸಿಕೊಂಡ. "ಕಾವೇರಿ ಇಲ್ಲೇ ಹೋಗುತ್ತೆ ಮೇಡಂ, ಕನೆಕ್ಷನ್ ಕೊಡೋದು ಎಷ್ಟು ಹೊತ್ತು?" 17 ವರ್ಷ ಅಂದೆ. ಅವನಿಗೆ ಗೊತ್ತಾಗಲಿಲ್ಲ.

ಇಪ್ಪತ್ತು ಮೂವತ್ತು

ಕೊನೆಗೆ ತಗೊಂಡಿದ್ದು ತಲಘಟ್ಟಪುರದ ಹತ್ತಿರ, ಜನ ಬಂದು ನೆಲೆಸಿದ ಹಳೇ ಲೇಔಟಿನಲ್ಲಿ, 20-30 ಅಡಿಯ ಸೈಟ್. ಅದೇ ದುಡ್ಡಿಗೆ ಆ ಎರಡೂ ಕಡೆ 30-40 ಬರುತ್ತಿತ್ತು, ಮೇಲೆ ಒಂದಿಷ್ಟು ಉಳಿಯುತ್ತಿತ್ತು. ಅಣ್ಣನಿಗೆ ಈಗಲೂ ಸಮಾಧಾನ ಇಲ್ಲ. "ಅರ್ಧ ಸೈಟಿಗೆ ಅಷ್ಟು ಕೊಡೋದಾ?" ಅನ್ನುತ್ತಾನೆ. ಅತ್ತಿಗೆ ಕೇಳಿದ್ದು, "ನೀರು ಎಷ್ಟು ದಿನಕ್ಕೊಂದ್ಸಲ ಬಿಡ್ತಾರೆ?" ಅಂತ. ದಿನ ಬಿಟ್ಟು ದಿನ, ಅದೂ ಪೈಪಿನಲ್ಲಿ ಅಂದೆ. ಅವರು ಬೇರೇನೂ ಕೇಳಲಿಲ್ಲ.

ಅತ್ತೆಗೆ ಬೀದಿ ಇಷ್ಟವಾಯಿತು. ಎರಡು ಮನೆ ಆಚೆ ಹಿಟ್ಟಿನ ಗಿರಣಿ, ಮೂಲೆಯಲ್ಲಿ ಗಣಪತಿ ಗುಡಿ, ಅದರ ಎದುರು ಕ್ಲಿನಿಕ್. ನೋಡಲು ಹೋದ ದಿನವೇ ಕನಕಪುರ ಕಡೆಯ ಅಜ್ಜಿಯೊಬ್ಬರು ಜಗಲಿಯಲ್ಲಿ ಕೂರಿಸಿಕೊಂಡು ನಮ್ಮ ಮನೆತನವನ್ನೆಲ್ಲ ವಿಚಾರಿಸಿದರು. ನನಗೆ ಸ್ವಲ್ಪ ಕಿರಿಕಿರಿಯಾಯಿತು, ನಿಜ ಹೇಳಬೇಕೆಂದರೆ. ಅತ್ತೆಗೆ ಬೇಕಾಗಿದ್ದು ಅದೇ.

ಆದರೆ ನಾನು ಇಷ್ಟು ದಿನ ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆ ಈಗ ನಮ್ಮ ಪ್ಲಾನ್ ಶೀಟಿನ ಮೇಲೇ ಬಂದು ಕೂತಿತು. 600 ಚದರಡಿಯಲ್ಲಿ ಅಗಲಕ್ಕೆ ಕಟ್ಟುವ ಹಾಗಿಲ್ಲ, ಎತ್ತರಕ್ಕೇ ಕಟ್ಟಬೇಕು. ಇಂಜಿನಿಯರ್ ಬೆಂಗಳೂರಿನ ಮಾಮೂಲಿ ಪ್ಲಾನ್ ಹಾಕಿಕೊಂಡು ಬಂದರು. ಕೆಳಗೆ ಕಾರು ಮತ್ತು ಬಾಡಿಗೆಗೆ ಒಂದು ಪುಟ್ಟ ಮನೆ. ಮೇಲೆ ಎರಡು ಮಹಡಿಯಲ್ಲಿ ಓನರ್ ಡ್ಯೂಪ್ಲೆಕ್ಸ್. "ಎಲ್ಲರೂ ಹೀಗೇ ಮಾಡ್ಸೋದು ಮೇಡಂ. ಸಾಲಕ್ಕೆ ಬಾಡಿಗೆ ಆಗುತ್ತೆ." ಅತ್ತೆಯ ರೂಮು ಎಲ್ಲಿ ಅಂದೆ. ಪೆನ್ನಿನಿಂದ ಮೊದಲ ಮಹಡಿಯ ಹಿಂದಿನ ಮೂಲೆ ತೋರಿಸಿದರು. ಮಂಡಿ ನೋವಿನ ಹೆಂಗಸು ಗುಡಿಗೆ ಹೋಗಬೇಕಾದರೂ 18 ಮೆಟ್ಟಿಲು ಇಳಿಯಬೇಕು, 18 ಮೆಟ್ಟಿಲು ಹತ್ತಬೇಕು. ಹತ್ತಿರದ ಬೀದಿ ಅಂತ ದುಡ್ಡು ಕೊಟ್ಟು, ಆ ಬೀದಿಯನ್ನು ಅವರಿಂದ ಒಂದು ಮಹಡಿ ದೂರ ಇಟ್ಟರೆ ಏನು ಬಂತು? ಸಣ್ಣ ಸೈಟಿನಲ್ಲಿ ದೂರ ಹೀಗೆ ನೆಟ್ಟಗೆ ನಿಂತುಕೊಳ್ಳುತ್ತದೆ.

ನೆಲಮಹಡಿಯಲ್ಲಿ ಅವರ ರೂಮು, ಬಚ್ಚಲು, ಮುಂದೆ ಮೂರಡಿ ಅಗಲದ ಜಗಲಿ ಅಂತ ನಾನು ಬರೆಸಿದೆ. ಮಳೆ ನೀರಿಗೆ ಒಂದು ಸಂಪು ಕೂಡ. 30-40 ಅಥವಾ ಅದಕ್ಕೂ ದೊಡ್ಡ ಸೈಟಿನ ಹೊಸ ಮನೆಗೆ ಮಳೆನೀರು ಕೊಯ್ಲು ಕಡ್ಡಾಯ, ನಮ್ಮದು ಅದಕ್ಕೆ ಬರಲ್ಲ. ಆದರೂ ಇರಲಿ ಅಂದೆ. ಅತ್ತಿಗೆಯ ಮನೆಯ ಆ ಮುಚ್ಚಳ ಎತ್ತುವುದನ್ನು ನೋಡಿದ ಮೇಲೆ ಒಂದೇ ಮೂಲ ನಂಬಲು ಧೈರ್ಯವಿಲ್ಲ.

ಇಷ್ಟೆಲ್ಲ ಹಾಕಿದ ಮೇಲೆ ಕೆಳಗೆ ಬಾಡಿಗೆ ಮನೆ ಹೋಯಿತು, ಕಾರಿನ ಜಾಗವೂ ಹೋಯಿತು. ಬಾಡಿಗೆಯ ವಿಷಯದಲ್ಲಿ ನಮ್ಮನೆಯವರು ಒಪ್ಪಿದರು, ಸಾಲದ ಕಂತು ಇನ್ನೂ ಎರಡು ವರ್ಷ ಉದ್ದ ಆಯಿತು. ಕಾರಿನ ವಿಷಯದಲ್ಲಿ ಮಾತ್ರ ಈಗಲೂ ಮುಖ ಗಂಟು. ಇಬ್ಬರೂ ಮೆಟ್ರೋದಲ್ಲಿ ಹೋಗುವವರು, ಕಾರು ಹೊರಗೆ ತೆಗೆಯುವುದು ಊರಿಗೆ ಹೋಗುವಾಗ ಮಾತ್ರ, ರೋಡಿನಲ್ಲಿ ನಿಂತರೆ ಏನಾಗುತ್ತೆ ಅಂದೆ. ಬೀದಿ ನೋಡಿಕೊಂಡು ಬಾ ಅಂದರು. ಹೋಗಿ ನೋಡಿದೆ. ಸೈಟಿನ ಮುಂದಿನ ಜಾಗದಲ್ಲಿ ಎದುರು ಮನೆಯವರು ಎರಡು ಸಿಮೆಂಟಿನ ಹೂಕುಂಡ ಇಟ್ಟಿದ್ದಾರೆ, ಪಕ್ಕದಲ್ಲೇ ಅವರ ಇನ್ನೋವಾ. ಪಾಯ ತೋಡುವ ಮುಂಚೆ ಅವರ ಜೊತೆ ಮಾತಾಡಬೇಕು. ಆ ಕೆಲಸ ನಾನು ನಮ್ಮನೆಯವರಿಗೆ ಬಿಟ್ಟಿದ್ದೇನೆ.